ಗಂಜಿ ಬಿಡದ ಬಟ್ಟೆ

ಕಳೆದ ತಿಂಗಳು ಸಾವಿತ್ರಿ ಎಂಬ ಹುಡುಗಿ ನರಗುಂದದ ನಮ್ಮ ಮನೆಗೆ ಬಂದಿದ್ದಳು. ನಾನು ನಿವೃತ್ತಳಾಗಿ ಬಿಟ್ಟುಬಂದ ಆರೋಗ್ಯ ಉಪಕೇಂದ್ರಕ್ಕೆ ಈಗ ಅವಳೇ ಸಿಸ್ಟರು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಬ್ಯಾಗಿನಿಂದ ಒಂದು ಸಣ್ಣ ಡಬ್ಬಿ ತೆಗೆದು, ಅದರೊಳಗಿದ್ದ ಮುಟ್ಟಿನ ಕಪ್ಪನ್ನು ನನ್ನ ಅಂಗೈ ಮೇಲಿಟ್ಟಳು. ಸಣ್ಣ ಗಂಟೆಯಂಥ ಮೆತ್ತಗಿನ ಬಟ್ಟಲು.

“ಅಕ್ಕಾರ, ಇದನ್ನ ತೋರಿಸಿದ್ರ ಹೆಣ್ಮಕ್ಕಳು ಬಾಯಿಗೆ ಸೆರಗ ಇಟ್ಕೊಂಡು ನಗತಾರ್ರಿ. ಬಟ್ಟಿ ಪ್ಯಾಡ್ ತೋರಿಸಿದ್ರ, ಇದು ನಮ್ಮ ಮನ್ಯಾಗೂ ಐತಿ ಬಿಡ್ರಿ ಅಂತಾರ. ನಾ ಏನ ಹೇಳಬೇಕ್ರಿ ಇವರಿಗೆ?”

“ಮೊದಲ ನೀ ಸುಮ್ಮನ ಕೂತು ಅವರು ಹೇಳೂದು ಕೇಳು,” ಎಂದೆ.

ಆ ಉತ್ತರ ಅವಳಿಗೆ ಹಿಡಿಸಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆ ವಯಸ್ಸಿನಲ್ಲಿ ನನಗೂ ಹಿಡಿಸುತ್ತಿರಲಿಲ್ಲ. ಚಹಾ ಕುಡಿದು ಬಸ್ಸಿಗೆ ಹೊರಟುಹೋದಳು. ಅವಳು ಹೋದ ಮೇಲೆ ನನಗೇ ಕಸಿವಿಸಿಯಾಯಿತು. ಇಡೀ ನೌಕರಿಯಲ್ಲಿ ಕಲಿತದ್ದನ್ನು ಒಂದು ಮಾತಿನಲ್ಲಿ ಹೇಳಿ ಕೈತೊಳೆದುಕೊಂಡರೆ ಹೇಗೆ? ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಪ್ರಶಂಸಾ ಪತ್ರ ಕೊಟ್ಟರು ಎಂಬುದನ್ನೆಲ್ಲ ಬರೆಯುವುದಿಲ್ಲ. ಆ ಪತ್ರ ಯಾವ ಟ್ರಂಕಿನ ತಳದಲ್ಲಿದೆಯೋ ನನಗೂ ಗೊತ್ತಿಲ್ಲ. ನಾನು ಮಾಡಿದ ಒಂದು ತಪ್ಪು ಎಲ್ಲಿದೆ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಅದು ಗಜೇಂದ್ರಗಡದ ನೇಕಾರರ ಓಣಿಯಲ್ಲಿದೆ.

ಅಲ್ಲಿಗೆ ಹೋಗುವ ಮೊದಲು ಯಾವಗಲ್‌ನ ಮಾತು ಹೇಳಬೇಕು. ನನ್ನ ಮೊದಲ ನೇಮಕ ಅಲ್ಲಿ. ಆಗ ಸಭೆ ಕರೆದರೆ ಯಾರೂ ಬರುತ್ತಿರಲಿಲ್ಲ. ಕೂಲಿ ಬಿಟ್ಟು ನನ್ನ ಭಾಷಣ ಕೇಳಲು ಅವರಿಗೇನು ಹುಚ್ಚೇ? ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಕಳೆ ತೆಗೆದ ಹೆಂಗಸರು ಸಂಜೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಊರಿಗೆ ಮರಳುತ್ತಿದ್ದರು. ದಾರಿಯಲ್ಲಿ ಕೈ ಅಡ್ಡ ಹಾಕಿ ನಾನೂ ಹತ್ತುತ್ತಿದ್ದೆ. ಟ್ರ್ಯಾಕ್ಟರಿನ ಸದ್ದಿಗೆ ಮುಂದೆ ಕೂತ ಡ್ರೈವರನಿಗೆ ನಮ್ಮ ಒಂದು ಮಾತೂ ಕೇಳುತ್ತಿರಲಿಲ್ಲ. ಮುಟ್ಟಿನ ವಿಷಯ ಮಾತಾಡಲು ಅದಕ್ಕಿಂತ ಒಳ್ಳೆಯ ಸಭಾಭವನ ನನಗೆ ಮುಂದೆಂದೂ ಸಿಗಲಿಲ್ಲ.

ಹತ್ತಿ ಬಟ್ಟೆ ಬಳಸಿರಿ, ನೈಲಾನ್ ಸೀರೆಯ ಚೂರು ಬೇಡ, ಸಾಬೂನು ಹಚ್ಚಿ ತೊಳೆಯಿರಿ, ಬಿಸಿಲಿಗೆ ಹಾಕಿರಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಒಂದು ಸಂಜೆ, ಮೂಲೆಯಲ್ಲಿ ಮೇವಿನ ಹೊರೆಗೆ ಒರಗಿ ಕೂತಿದ್ದ ಹಿರಿಯ ಹೆಂಗಸೊಬ್ಬಳು ಕೇಳಿದಳು:

“ಬಾಯಾರ, ನೀವೇನ ಉಪಯೋಗ ಮಾಡ್ತೀರಿ?”

ನಾನು ಅಂಗಡಿಯ ಪ್ಯಾಡು ಬಳಸುತ್ತಿದ್ದೆ. ಆದರೆ ಉಪದೇಶಕ್ಕೆ ಕುಂದು ಬರಬಾರದೆಂದು, “ನಂದೂ ಬಟ್ಟೀನ,” ಎಂದುಬಿಟ್ಟೆ.

“ಹಂಗಾರ ಎಲ್ಲಿ ಒಣಾ ಹಾಕ್ತೀರಿ?”

ನನ್ನ ಬಾಯಿ ಕಟ್ಟಿತು. ಆಗ ನಾನು ಇದ್ದದ್ದು ಬಾಡಿಗೆಯ ಒಂದು ಕೋಣೆಯಲ್ಲಿ. ಅಂಗಳ ಮಾಲೀಕರದು, ಅಲ್ಲಿ ಅವರ ಗಂಡುಮಕ್ಕಳು ಓಡಾಡುತ್ತಿದ್ದರು. ಟ್ರೇಲರಿಗೆ ಟ್ರೇಲರೇ ಗೊಳ್ಳೆಂದು ನಕ್ಕಿತು. ಆ ದಿನವೇ ನಾನು ಕಲಿಯಬೇಕಿತ್ತು. ಬಳಸುವುದು ಯಾವುದೆಂದು ಹೇಳುವುದು ಸುಲಭ, ಅದನ್ನು ಎಲ್ಲಿ ತೊಳೆಯಬೇಕು, ಎಲ್ಲಿ ಒಣಗಿಸಬೇಕು ಎಂಬುದು ಹೆಂಗಸಿನ ನಿಜವಾದ ಕಷ್ಟ. ಕಲಿಯಲಿಲ್ಲ. ನಾಚಿಕೆಯಾಯಿತು, ಅಷ್ಟೇ.

ಮುಂದೆ ವರ್ಗವಾಗಿ ಗಜೇಂದ್ರಗಡದ ಕಡೆಗೆ ಬಂದೆ. ಅಲ್ಲಿನ ವೈದ್ಯಾಧಿಕಾರಿ ಸಾಹೇಬರು ಬಹಳ ಒಳ್ಳೆಯವರು, ಬಹಳ ಸಂಕೋಚದವರು. ಹಾವು ಕಡಿದವರನ್ನು, ಕೊಡಲಿ ಏಟು ತಿಂದವರನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ ಮನುಷ್ಯ, ತಿಂಗಳ ಸಭೆಯಲ್ಲಿ ಮುಟ್ಟು ಎಂಬ ಶಬ್ದ ಬಂದರೆ ಮೇಲಿನ ಫ್ಯಾನು ನೋಡಲು ಶುರುಮಾಡುತ್ತಿದ್ದರು. “ಸಿಸ್ಟರ್, ಆ ಮೂರು ದಿನದ ವಿಷಯ ಏನಾಯ್ತು?” ಎಂದು ಫ್ಯಾನನ್ನೇ ಕೇಳುತ್ತಿದ್ದರು. ನಾವು ಸಿಸ್ಟರುಗಳೆಲ್ಲ ತಲೆ ತಗ್ಗಿಸಿ ನಗು ನುಂಗುತ್ತಿದ್ದೆವು.

ಒಂದು ಸಭೆಯಲ್ಲಿ ನಾನೇ ಉತ್ಸಾಹದಿಂದ ಎದ್ದು ನಿಂತೆ. ನೇಕಾರರ ಓಣಿಯಲ್ಲಿ ಮಗ್ಗದಿಂದ ಇಳಿಸಿದ ಹೊಸ ಹತ್ತಿ ಬಟ್ಟೆಯ ತುಂಡುಗಳು ಸಿಗುತ್ತವೆ, ಅಪ್ಪಟ ಹತ್ತಿ, ಯಾರೂ ಉಟ್ಟು ಬಿಟ್ಟದ್ದಲ್ಲ, ಅದರಿಂದ ತೊಳೆದು ಮತ್ತೆ ಬಳಸುವ ಪ್ಯಾಡು ಹೊಲಿಸಿ ಹಂಚೋಣ ಎಂದೆ. ಸಾಹೇಬರು ಫ್ಯಾನಿನಿಂದ ಕಣ್ಣು ಕೆಳಗಿಳಿಸಿ, “ಒಳ್ಳೇದು, ಮಾಡ್ರಿ,” ಎಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹೊಲಿಗೆಗೆ ಸಿಕ್ಕವಳು ಮಂಜವ್ವ. ಓಣಿಯ ಹಿರಿಯ ನೇಕಾರ್ತಿ ಕಾಶವ್ವನ ಸೊಸೆ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು, ಎರಡು ಮಕ್ಕಳ ತಾಯಿ, ಮಾತು ಕಡಿಮೆ, ಕೈ ಚುರುಕು. ಅತ್ತೆ, ಗಂಡ ಮಗ್ಗದಲ್ಲಿ ಕೂತರೆ ಇವಳು ಸಣ್ಣ ಕೊಳವೆಗೆ ನೂಲು ಸುತ್ತಿ ಕಂಡಿಕೆ ಮಾಡುತ್ತಿದ್ದಳು, ಬಿಡುವಾದಾಗ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ನಾನು ಹೇಳಿದ ಅಳತೆಗೆ ಒಂದಿಷ್ಟೂ ತಪ್ಪದಂತೆ, ಗುಂಡಿ ಹಚ್ಚಿ, ಅಂಚು ಮಡಚಿ, ನೋಡಿದರೆ ಕಣ್ಣು ತಂಪಾಗುವ ಹಾಗೆ ಹೊಲಿದುಕೊಟ್ಟಳು. ಪ್ರೀತಿಯಿಂದ ಮೊದಲ ಆರು ಪ್ಯಾಡು ಅವಳಿಗೇ ಕೊಟ್ಟೆ.

“ಅಕ್ಕಾರ, ಇವನ್ನ ಮೊದಲ ಕುದಸಬೇಕೇನ್ರಿ?” ಎಂದು ಕೇಳಿದಳು.

“ಬಿಸಿ ನೀರು ಮುಟ್ಟಸಬ್ಯಾಡವಾ! ರಕ್ತದ ಕಲಿ ಗಟ್ಟಿಯಾಗಿ ಕೂಡತೈತಿ. ತಣ್ಣೀರಾಗ ಅಷ್ಟ ತೊಳಿ,” ಎಂದೆ.

ಆ ಮಾತಿನಲ್ಲಿ ಅರ್ಧ ಸರಿ ಇತ್ತು. ಕಲೆಯಾದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲೇ ನೆನೆಸಬೇಕು, ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ಅವಳು ಕೇಳಿದ್ದು ಕಲೆಯ ಮಾತಲ್ಲ. ಅವಳು ಯಾಕೆ ಕೇಳಿದಳೆಂದು ನಾನು ವಿಚಾರಿಸಲಿಲ್ಲ. ನನಗೆ ಹೇಳಿಕೊಡುವ ಅವಸರ.

ಅದಾದ ಹದಿನೈದು ದಿನಕ್ಕೆ ಮಂಜವ್ವ ಬಳಗದವರೊಬ್ಬರ ಮನೆಗೆ ಕುಬಸದ ಕಾರ್ಯಕ್ಕೆ ಹೋಗಿದ್ದಳು. ಬಸುರಿಯನ್ನು ಕೂರಿಸಿ ಉಡಿ ತುಂಬುವ ಹೊತ್ತು, ಮನೆ ತುಂಬ ಹೆಂಗಸರು, ಎಲ್ಲರೂ ಒಂದೇ ಜಮಖಾನೆಯ ಮೇಲೆ. ದಾರಿಯಲ್ಲೇ ಮುಟ್ಟಾಗಿದ್ದ ಮಂಜವ್ವ ನನ್ನ ಪ್ಯಾಡನ್ನು ನಂಬಿ, ಯಾರಿಗೂ ಹೇಳದೆ ಹಿಂದೆ ಒಂದು ಮೂಲೆಯಲ್ಲಿ ಕೂತಿದ್ದಳು. ಊಟಕ್ಕೆ ಎದ್ದಾಗ ತಿಳಿ ಹಳದಿ ಸೀರೆಯ ಹಿಂದೆ ಕಲೆ, ಜಮಖಾನೆಯ ಮೇಲೆ ಕಲೆ. ಹೊರಗಾದವಳು ಶುಭಕಾರ್ಯದಲ್ಲಿ ಕೂತಿದ್ದಾಳೆ ಎಂದು ಒಬ್ಬಳು ದನಿ ತೆಗೆದಳಂತೆ. ಉಳಿದದ್ದು ಹೇಳುವುದು ಬೇಡ. ಅವಳು ಊಟ ಮಾಡದೆ ಬಸ್ಸು ಹತ್ತಿದಳು.

ನನಗೆ ಇದು ತಿಳಿದದ್ದು ಗುರುವಾರ, ಲಸಿಕೆಯ ದಿನ. ಉಪಕೇಂದ್ರದ ತುಂಬ ಕೂಸುಗಳು, ತಾಯಂದಿರು. ಕಾಶವ್ವ ಬಂದಳು. ಗಿಡ್ಡ ಆಳು, ಹಣೆ ತುಂಬ ಕುಂಕುಮ, ಕೈಯಲ್ಲಿ ಒಂದು ತಂಬಿಗೆ ನೀರು. ಸೊಂಟಕ್ಕೆ ಕೈಕೊಟ್ಟು ನಡೆಯುವುದು ಅವಳ ರೂಢಿ. ಸೀದಾ ನನ್ನ ಮೇಜಿನ ಹತ್ತಿರ ಬಂದು ಆ ಆರು ಪ್ಯಾಡುಗಳನ್ನು ಸಾಲಾಗಿ ಇಟ್ಟಳು. ತಂಬಿಗೆಯಲ್ಲಿ ಬೆರಳು ಅದ್ದಿ ಒಂದರ ಮೇಲೆ ನೀರು ಹನಿಸಿದಳು.

ಹನಿ ಒಳಗೆ ಇಳಿಯಲಿಲ್ಲ. ಬಟ್ಟೆಯ ಮೇಲೆ ಗುಂಡಗೆ ಕೂತು, ಮೇಜು ಅಲುಗಿದ ಕೂಡಲೇ ಪಕ್ಕಕ್ಕೆ ಉರುಳಿತು.

“ಕಂಡ್ರೇನ ಅಕ್ಕಾರ? ಹಾಸಿನ ನೂಲಿಗೆ ನಾವು ಗಂಜಿ ಹಾಕಿರ್ತೀವಿ. ಎಳಿ ಹರೀಬಾರದಲ್ಲ? ಮಗ್ಗದಿಂದ ಇಳಿದ ಹೊಸಾ ಅರಿವಿ ನೀರ ಕುಡಿಯೂದಿಲ್ಲ. ಸೋಡಾ ಹಾಕಿ ಕುದಸಬೇಕು, ಎರಡ ಮೂರ ಸಲ ಒಗೀಬೇಕು. ಆಮ್ಯಾಲ ಅದು ಬಟ್ಟಿ. ಇದು ಬರೇ ಕಾಗದ. ಬಟ್ಟಿ ಗೊತ್ತಿಲ್ಲದವರು ನಮ್ಮ ಓಣ್ಯಾಗ ಬಂದು ಬಟ್ಟಿ ಯಾಕ ಹಂಚತೀರಿ?”

ಲಸಿಕೆಗೆ ಬಂದ ತಾಯಂದಿರೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮಂಜವ್ವ ಕೇಳಿದ ಪ್ರಶ್ನೆ ನೆನಪಾಯಿತು. ಸಿಟ್ಟೆಲ್ಲ ಇಳಿಯಿತು. ಅವಳಿಗೆ ಗೊತ್ತಿತ್ತು. ನೇಕಾರರ ಸೊಸೆಗೆ ಗೊತ್ತಿರದೆ ಇರುತ್ತದೆಯೇ? ನಾನು ಸಿಸ್ಟರು ಎಂಬ ಒಂದೇ ಕಾರಣಕ್ಕೆ ತನಗೆ ಗೊತ್ತಿದ್ದದ್ದನ್ನು ನುಂಗಿಕೊಂಡಿದ್ದಳು.

ಆ ತಿಂಗಳ ವರದಿಯಲ್ಲಿ, “ಬಟ್ಟೆಯಲ್ಲಿ ಗಂಜಿ ಉಳಿದಿತ್ತು, ತಪ್ಪು ನನ್ನದು,” ಎಂದು ಬರೆದೆ. ಸಾಹೇಬರು ಓದಿದರು. ಬೈಯುತ್ತಾರೆಂದು ಕಾದು ನಿಂತಿದ್ದೆ. ಅವರು ಮೊದಲ ಬಾರಿಗೆ ಫ್ಯಾನು ಬಿಟ್ಟು ನನ್ನ ಮುಖ ನೋಡಿ, “ಉಳಿದ ಸಿಸ್ಟರುಗಳಿಗೂ ಹೇಳ್ರಿ, ಅವರೂ ಹಿಂಗ ಮಾಡಬಾರದು,” ಎಂದು ಸಹಿ ಹಾಕಿದರು. ಅವರ ಮೇಲಿನ ನನ್ನ ಗೌರವ ಅಂದು ಹುಟ್ಟಿದ್ದು, ಇನ್ನೂ ಇದೆ.

ಉಳಿದ ಪ್ಯಾಡುಗಳನ್ನೆಲ್ಲ ಮನೆಯಲ್ಲಿ ಸೋಡಾ ಹಾಕಿ ಕುದಿಸಿದೆ. ಪಾತ್ರೆಯ ಮೇಲೆ ಬಂದ ಬಿಳಿ ನೊರೆ ನೋಡಿದಾಗ ನನ್ನ ಬುದ್ಧಿಯ ಅಳತೆ ಸಿಕ್ಕಿತು. ಒಣಗಿದ ಮೇಲೆ ಒಂದೊಂದರ ಮೇಲೂ ನೀರು ಹನಿಸಿ, ಹನಿ ಕೂಡಲೇ ಒಳಗಿಳಿದದ್ದನ್ನು ಮಾತ್ರ ಬ್ಯಾಗಿಗೆ ಹಾಕಿದೆ. ಸಾವಿತ್ರಿ, ಇದನ್ನು ನೆನಪಿಡು. ಯಾವ ಹೊಸ ಬಟ್ಟೆಯನ್ನಾದರೂ ಕೊಡುವ ಮೊದಲು ನೀರು ಹನಿಸಿ ನೋಡು. ಸವಡಿ, ಇಟಗಿ ಊರುಗಳಲ್ಲಿ ಆ ಪ್ಯಾಡುಗಳು ಚೆನ್ನಾಗಿಯೇ ನಡೆದವು. ಆದರೆ ಯಾರ ಕೈಯಿಂದ ಅವು ಹುಟ್ಟಿದ್ದವೋ ಆ ಮನೆಯ ಬಾಗಿಲು ನನಗೆ ಮುಚ್ಚಿತ್ತು. ಓಣಿಯಲ್ಲಿ ಹೋದರೆ ಕಾಶವ್ವ ಮಗ್ಗದ ಕುಣಿಯಿಂದ ತಲೆ ಎತ್ತುತ್ತಿರಲಿಲ್ಲ. ಮಂಜವ್ವ ಕಿಟಕಿಯಿಂದ ನೋಡಿ, ಸಣ್ಣಗೆ ನಕ್ಕು, ಒಳಗೆ ಸರಿಯುತ್ತಿದ್ದಳು. ಆ ನಗು ನನ್ನನ್ನು ಬಹಳ ನೋಯಿಸುತ್ತಿತ್ತು.

ಹೀಗೆ ಒಂದೂವರೆ ವರ್ಷ ಕಳೆಯಿತು. ಒಂದು ಮಧ್ಯಾಹ್ನ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಮಂಜವ್ವ ಒಬ್ಬಳೇ ಕೂತಿದ್ದಳು. ತೊಡೆಯ ಮೇಲೆ ಸ್ಕ್ಯಾನಿಂಗಿನ ದೊಡ್ಡ ಲಕೋಟೆ. ಮುಖ ಬಾಡಿತ್ತು. ಪಕ್ಕದಲ್ಲಿ ಕೂತೆ.

“ಏನವಾ ಇದು?”

“ಸೋಮಾರ ಆಪರೇಶನ್ ಐತ್ರಿ ಅಕ್ಕಾರ. ಚೀಲ ತಗೀತಾರಂತ.”

ಚೀಲ ಎಂದರೆ ಗರ್ಭಕೋಶ. ನಮ್ಮ ಕಡೆ ಆ ಮಾತನ್ನು ಹಲ್ಲು ಕೀಳಿಸುವಷ್ಟು ಹಗುರಾಗಿ ಆಡುತ್ತಾರೆ. ಅವಳಿಗೆ ಆಗ ಇಪ್ಪತ್ತೊಂಬತ್ತು. ಕೇಳುತ್ತ ಹೋದೆ. ಒಂದು ವರ್ಷದಿಂದ ತುರಿಕೆ, ಉರಿ, ಬಿಳಿ ಸೆರಗು, ಕಿಬ್ಬೊಟ್ಟೆ ನೋವು. ಮುಟ್ಟಾದಾಗಲೆಲ್ಲ ಹೆಚ್ಚಾಗುತ್ತದೆ, ಮಾತ್ರೆ ನುಂಗಿದರೆ ಇಳಿಯುತ್ತದೆ, ಮುಂದಿನ ತಿಂಗಳು ಮತ್ತೆ ಹಾಜರು. ಬೇರೊಂದು ಊರಿನ ಡಾಕ್ಟರೊಬ್ಬರು, ಮಕ್ಕಳು ಆಗಿವೆಯಲ್ಲ, ಇನ್ನು ಅದನ್ನು ಇಟ್ಟುಕೊಂಡು ಏನು ಮಾಡುತ್ತೀ, ತೆಗೆಸಿಬಿಡು ಎಂದಿದ್ದರು.

“ಈಗ ಯಾವ ಬಟ್ಟಿ ಉಪಯೋಗ ಮಾಡಾಕತ್ತಿ?”

“ಮೊದಲಿನಂಗ, ಹಳೀ ಸೀರಿ ಚೂರು.”

“ಎಲ್ಲಿ ಒಣಾ ಹಾಕ್ತಿ?”

ಯಾವಗಲ್‌ನ ಟ್ರೇಲರಿನಲ್ಲಿ ನನ್ನ ಬಾಯಿ ಕಟ್ಟಿಸಿದ ಪ್ರಶ್ನೆಯೇ ಈಗ ನನ್ನ ಬಾಯಿಂದ ಬಂದಿತ್ತು. ಮಂಜವ್ವ ಸುತ್ತ ನೋಡಿ, ದನಿ ತಗ್ಗಿಸಿ, “ಹಿಂದ ಬಚ್ಚಲದಾಗ್ರಿ, ಕಟಗಿ ಒಟ್ಟೀವಲ್ಲ, ಅದರ ಸಂದ್ಯಾಗ,” ಎಂದಳು.

ಅವಳು ಎದ್ದು ಓಣಿಯ ಕಡೆ ಹೊರಟಳು. ಅವಳು ಮನೆ ಸೇರುವ ಹೊತ್ತಿಗೆ ನಾನೂ ಅವಳ ಹಿಂದೆಯೇ ಇದ್ದೆ. ಬೈದರೆ ಬೈಸಿಕೊಳ್ಳಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೊಸ್ತಿಲು ದಾಟಿದೆ.

ಕಾಶವ್ವ ಮಗ್ಗ ನಿಲ್ಲಿಸಿದಳು. “ಯಾಕ ಬಂದ್ರಿ ಅಕ್ಕಾರ? ಒಮ್ಮೆ ನಮ್ಮ ಸೊಸಿ ಮಾನ ಕಳದ್ರಿ. ಸಾಕಾಗಲಿಲ್ಲೇನು?”

“ಕಳದೇನಿ. ಖರೇ ಐತಿ. ಅದಕ್ಕ ಬಂದೀನಿ. ಸೋಮಾರದ್ದು ಸ್ವಲ್ಪ ತಡೀರಿ ಕಾಶವ್ವ.”

“ತಡದು? ಆಕಿ ತಿಂಗಳಾ ನರಳೂದು ನೀವು ಬಂದು ನೋಡ್ತೀರೇನು? ನಂದೂ ತಗದಾರ. ಮೂವತ್ತೆರಡಕ್ಕ. ಸತ್ತೇನೇನು? ಮಗ್ಗ ನೇಯಾಕತ್ತಿಲ್ಲೇನು?” ಎನ್ನುತ್ತ ಎದ್ದಳು. ಏಳುವಾಗ ಸೊಂಟಕ್ಕೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ, ಮೂರು ಸಲ ತಡೆದು ತಡೆದು ಎದ್ದಳು. ಆ ಸೊಂಟದ ಕಥೆ ನನಗೆ ಅಂದೇ ಗೊತ್ತಾದದ್ದು.

ಮಂಜವ್ವನ ಕಡೆ ತಿರುಗಿ ಆ ಬಟ್ಟೆಗಳನ್ನು ತರಲು ಹೇಳಿದೆ. ಅವಳು ಅತ್ತೆಯ ಮುಖ ನೋಡಿದಳು. ಅಂಥ ಬಟ್ಟೆ ಪಡಸಾಲೆಗೆ ಬರುವುದೆಂದರೇನು? ಅದೂ ಮಗ್ಗವಿರುವ ಕೋಣೆಗೆ? ಅವರ ಮನೆಯಲ್ಲಿ ಮುಟ್ಟಾದವರು ಮಗ್ಗ ಮುಟ್ಟುವಂತಿರಲಿಲ್ಲ. ಆ ಬಟ್ಟೆ ಗಂಡಸರ ಕಣ್ಣಿಗೆ ಬೀಳಬಾರದು, ಅದನ್ನು ಹಾವು ದಾಟಬಾರದು ಎಂಬ ಭಯ ಬೇರೆ. ಕಡೆಗೆ ನಾನೇ ಬಚ್ಚಲಿಗೆ ಹೋಗಿ, ಕಟ್ಟಿಗೆಯ ಸಂದಿಯಿಂದ ಒಂದು ಬಟ್ಟೆ ಎಳೆದು ತಂದು ಕಾಶವ್ವನ ಮುಂದೆ ಹಿಡಿದೆ. ತೊಳೆದು ನಾಲ್ಕು ದಿನವಾಗಿತ್ತಂತೆ. ಇನ್ನೂ ತಂಪಾಗಿತ್ತು.

“ಅವತ್ತು ನೀವು ಹೇಳಿದ್ರಿ, ನನಗ ಬಟ್ಟಿ ಗೊತ್ತಿಲ್ಲಂತ. ನೀವು ಬಲ್ಲವರು. ಮುಟ್ಟಿ ನೋಡಿ ನೀವ ಹೇಳ್ರಿ, ಈ ಬಟ್ಟಿಗೆ ಏನಾಗೇತಿ?”

ಬಹಳ ಹೊತ್ತು ಅವಳು ಕೈ ಚಾಚಲಿಲ್ಲ. ಆಮೇಲೆ ಎರಡು ಬೆರಳಿನಲ್ಲಿ ಹಿಡಿದಳು. ಹಿಡಿದ ಮೇಲೆ ನೇಕಾರ್ತಿಯ ಕೈ ಸುಮ್ಮನಿರಲಿಲ್ಲ. ಹೆಬ್ಬೆರಳಿನಿಂದ ಉಜ್ಜಿದಳು, ಬೆಳಕಿಗೆ ಹಿಡಿದಳು, ಮೂಗಿನ ಹತ್ತಿರ ತಂದಳು.

“ಮುಗ್ಗೇತಿ,” ಎಂದಳು. “ಕರೀ ಚುಕ್ಕಿ ಬಿದ್ದಾವು.”

“ಹಿಂಗ ಮುಗ್ಗಿದ ನೂಲು ನೀವು ಮಗ್ಗಕ್ಕ ಏರಸ್ತೀರೇನು?”

“ಮಗ್ಗಕ್ಕ ಹ್ಯಾಂಗ ಏರಸೂದು?” ಎಂದವಳು ಅಲ್ಲಿಗೇ ನಿಂತಳು. ಕಣ್ಣು ಸೊಸೆಯ ಕಡೆ ಹೋಯಿತು. ಮಂಜವ್ವ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು.

ಆ ದಿನಗಳಲ್ಲಿ ಅಂಗಳದ ತುಂಬ ಬಣ್ಣದ ನೂಲಿನ ಲಡಿಗಳು ಬಿದಿರಿನ ಗಳುವಿನ ಮೇಲೆ ಒಣಗುತ್ತಿದ್ದವು. ನೂಲಿನಲ್ಲಿ ಒಂದಿಷ್ಟು ಹಸಿ ಉಳಿದರೂ ಮನೆಮಂದಿಗೆಲ್ಲ ಬೈಯುತ್ತಿದ್ದ ಹೆಂಗಸು ಇವಳು. ಎಲ್ಲ ಬಟ್ಟೆಗೂ ಬಿಸಿಲು ಕೊಟ್ಟು, ಮೈಗೆ ಹತ್ತಿರದ ಇದೊಂದನ್ನು ಕತ್ತಲೆಯಲ್ಲಿಟ್ಟಿದ್ದಳು. ಅವಳ ತಪ್ಪೆನ್ನಲೇ? ಅವಳಿಗೆ ಅವಳತ್ತೆ ಹೇಳಿಕೊಟ್ಟದ್ದು ಅದು.

“ನನ್ನ ಮಾತು ನಂಬಬ್ಯಾಡ್ರಿ,” ಎಂದೆ. “ನಾಳೆ ರೋಣದ ಸರಕಾರಿ ದವಾಖಾನಿಯೊಳಗ ಹೆಣ್ಮಗಳು ಡಾಕ್ಟರ್ ಇರ್ತಾರ. ಅವರಿಗೊಮ್ಮೆ ತೋರಸೋಣ. ನೀವೂ ಬರ್ರಿ. ಅವರೂ ತಗೀಬೇಕು ಅಂದ್ರ, ಸೋಮಾರ ನಾನ ಜೋಡಿ ಬರತೀನಿ.”

ಮರುದಿನ ಮುಂಜಾನೆ ಕಾಶವ್ವ ಬಸ್‌ಸ್ಟ್ಯಾಂಡಿಗೆ ನನಗಿಂತ ಮೊದಲೇ ಸೊಸೆಯೊಡನೆ ಬಂದು ಕೂತಿದ್ದಳು. ನಮ್ಮ ಸಾಹೇಬರು ಆ ಡಾಕ್ಟರಮ್ಮನಿಗೆ ತಾವೇ ಫೋನು ಮಾಡಿ ಎಲ್ಲ ಬಿಡಿಸಿ ಹೇಳಿದ್ದರು. ಅಂದು ಅವರು ಫ್ಯಾನು ನೋಡಿದರೋ ಇಲ್ಲವೋ ತಿಳಿಯದು.

ಡಾಕ್ಟರಮ್ಮ ಪರೀಕ್ಷೆ ಮಾಡಿದರು, ಸ್ಕ್ಯಾನಿಂಗ್ ನೋಡಿದರು. ಗರ್ಭಕೋಶಕ್ಕೆ ಏನೂ ಆಗಿಲ್ಲ, ಇದು ಸೋಂಕು, ಗುಣವಾಗುತ್ತದೆ ಎಂದರು. ಗಂಡ ಹೆಂಡತಿ ಇಬ್ಬರಿಗೂ ಔಷಧಿ ಬರೆದರು. ಸೋಂಕಿಗೆ ಕಾರಣಗಳು ಬೇರೆಯೂ ಇರಬಹುದು, ಆದರೆ ಹಸಿ ಬಟ್ಟೆ ಕಟ್ಟುವುದು ನಿಲ್ಲದಿದ್ದರೆ ಈ ತುರಿಕೆ ಪೂರ್ತಿ ನಿಲ್ಲುವ ಭರವಸೆ ಇಲ್ಲ ಎಂದು ಕಾಶವ್ವನ ಕಡೆ ನೋಡಿ ಹೇಳಿದರು. “ಮೂರು ತಿಂಗಳು ನೋಡೋಣ. ಈಗ ಆಪರೇಶನ್ ಬೇಡ.” ಮಂಜವ್ವ ಅಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಒಂದು ವರ್ಷ ಯಾರೆದುರಿಗೂ ಅಳದ ಹುಡುಗಿ.

ಹಿಂತಿರುಗುವ ಬಸ್ಸಿನಲ್ಲಿ ಮಂಜವ್ವ ಕಿಟಕಿಗೆ ತಲೆ ಇಟ್ಟು ನಿದ್ದೆ ಹೋದಳು. ಅರ್ಧ ದಾರಿಗೆ ಬಂದಾಗ ಕಾಶವ್ವ ನನ್ನ ಕಡೆ ನೋಡದೆ ಕೇಳಿದಳು:

“ಅಕ್ಕಾರ, ನನಗೂ ಇದ ಆಗಿತ್ರಿ. ಹಿಂಗ ತುರಿಕಿ, ಹಿಂಗ ಬಿಳಿ ಹೋಗೂದು. ನಾನೂ ಅದ ಕಟಗಿ ಸಂದ್ಯಾಗ ಹಾಕ್ತಿದ್ದೆ. ನನ್ನ ಚೀಲಕ್ಕೂ ಏನೂ ಆಗಿದ್ದಿಲ್ಲೇನ್ರಿ ಹಂಗಾರ? ಸುಮ್ಮನ ತಗದ್ರೇನು?”

ಅಂದು ಏನಿತ್ತೋ ಯಾರಿಗೆ ಗೊತ್ತು? ಯಾವ ಕಾಗದವೂ ಉಳಿದಿರಲಿಲ್ಲ. ಹೌದು ಎಂದರೆ ಅವಳ ಅಷ್ಟೂ ವರ್ಷದ ಸೊಂಟನೋವು ಸುಮ್ಮಸುಮ್ಮನೆ ಅನುಭವಿಸಿದ್ದಾಗುತ್ತದೆ. ಇಲ್ಲ ಎಂದರೆ ಗೊತ್ತಿಲ್ಲದ್ದನ್ನು ಹೇಳಿದಂತಾಗುತ್ತದೆ. ಯಾವಗಲ್‌ನಲ್ಲಿ ಹೇಳಿದ್ದ ಸುಳ್ಳು ನೆನಪಿತ್ತು.

“ನನಗ ಗೊತ್ತಿಲ್ಲ ಕಾಶವ್ವ,” ಎಂದೆ. “ಗೊತ್ತಿದ್ರ ಹೇಳ್ತಿದ್ದೆ.”

ಅವಳು ತಲೆ ಆಡಿಸಿದಳು. ನನ್ನ ಕೈ ಹಿಡಿದುಕೊಂಡಳು. ಗಜೇಂದ್ರಗಡ ಬರುವವರೆಗೂ ಬಿಡಲಿಲ್ಲ. ನೂಲು ಎಳೆದು ಎಳೆದು ಒರಟಾದ ಆ ಬೆರಳುಗಳು ನನ್ನ ಬೆರಳುಗಳನ್ನು ಅಮುಕುತ್ತಿದ್ದದ್ದು ಇಂದಿಗೂ ನೆನಪಿದೆ.

ಇಲ್ಲಿ ಸ್ವಲ್ಪ ನಿಂತು ಸಾವಿತ್ರಿಯ ಪ್ರಶ್ನೆಗೆ ಬರುತ್ತೇನೆ. ಕಪ್ಪೋ, ಬಟ್ಟೆಯೋ ಎಂದು ನೀನು ತೀರ್ಮಾನ ಮಾಡಬೇಡ. ಅವರ ಮನೆ ನೋಡು. ನೀರು ಎಷ್ಟು ದೂರದಿಂದ ಬರುತ್ತದೆ, ಬಚ್ಚಲಿಗೆ ಬಾಗಿಲಿದೆಯೇ, ಅಂಗಳದಲ್ಲಿ ಬಿಸಿಲು ಬೀಳುತ್ತದೆಯೇ, ಬಿದ್ದರೂ ಆ ಬಿಸಿಲು ಇವಳ ಪಾಲಿಗಿದೆಯೇ? ಒಣಗಿಸಲು ಜಾಗವೇ ಇಲ್ಲದವಳಿಗೆ ಕಪ್ಪು ಅನುಕೂಲ. ಆದರೆ ಅದಕ್ಕೆ ತೊಳೆದ ಕೈ ಬೇಕು, ಹನ್ನೆರಡು ತಾಸಿನೊಳಗೆ ತೆಗೆದು ತೊಳೆಯಬೇಕು, ಪ್ರತಿ ತಿಂಗಳು ಕುದಿಸಲು ಅದಕ್ಕೇ ಒಂದು ಸಣ್ಣ ಪಾತ್ರೆ ಬೇಕು. ಅಡುಗೆಯ ಪಾತ್ರೆಯಲ್ಲಿ ಕುದಿಸೆಂದರೆ ಕಪ್ಪೂ ಹೋಗುತ್ತದೆ, ನೀನೂ ಮನೆಯಿಂದ ಹೊರಗೆ. ಒಳಗೆ ಏನನ್ನೂ ಇಟ್ಟುಕೊಳ್ಳಲು ಮನಸ್ಸಿಲ್ಲದವಳನ್ನು ಒತ್ತಾಯಿಸಬೇಡ. ಬಟ್ಟೆಯೆಂದರೆ, ನಾಲ್ಕಾರು ತಾಸಿಗೊಮ್ಮೆ ಬದಲಿಸಬೇಕು, ತಣ್ಣೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ, ನೀರು ತಿಳಿಯಾಗುವವರೆಗೆ ಜಾಲಿಸಬೇಕು. ನಮ್ಮ ಸವಳು ನೀರಿನಲ್ಲಿ ಸಾಬೂನಿನ ಅಂಶ ಲಗೂ ಬಿಡುವುದಿಲ್ಲ, ಒಂದು ಸಲ ಹೆಚ್ಚೇ ಜಾಲಿಸಲಿ. ಪೂರ್ತಿ ಒಣಗಿದ್ದನ್ನೇ ಮಡಚಿಡಲಿ. ಬಿರುಸಾದರೆ, ವಾಸನೆ ಬಿಡದಿದ್ದರೆ ಮೋಹ ಬಿಟ್ಟು ಅದನ್ನು ಬದಲಿಸಲಿ. ನೀನು ಏನು ಬಳಸುತ್ತೀ ಎಂದು ಅವರು ಖಂಡಿತ ಕೇಳುತ್ತಾರೆ. ನಿಜ ಹೇಳು. ನನ್ನ ಕಾಲಕ್ಕೆ ಕಪ್ಪು ಬರುವಷ್ಟರಲ್ಲಿ ನನ್ನ ಮುಟ್ಟೇ ನಿಂತಿತ್ತು. ಹಾಗೆಯೇ ಹೇಳುತ್ತಿದ್ದೆ. ಅವರು ನಗುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು.

ರೋಣದಿಂದ ಬಂದ ಮುಂದಿನ ತಿಂಗಳು, ಮಂಜವ್ವನ ದಿನ ಲೆಕ್ಕ ಹಾಕಿಕೊಂಡು ನಾನು ಓಣಿಗೆ ಹೋದೆ. ಅವಳು ಔಷಧಿ ಮುಗಿಸಿದ್ದಳು. ಉರಿ, ತುರಿಕೆ ಇಳಿದಿದ್ದವು. ಬಟ್ಟೆಯ ಮಾತು ಏನಾಯಿತೆಂಬುದೊಂದೇ ನನಗೆ ಭಯ. ಔಷಧಿಗೆ ಒಪ್ಪುವುದು ಬೇರೆ, ಹತ್ತಾರು ಕಣ್ಣಿನ ಓಣಿಯಲ್ಲಿ ಹಗ್ಗ ಕಟ್ಟುವುದು ಬೇರೆ.

ಮುಂಜಾನೆಯ ಹೊತ್ತು. ಕಾಶವ್ವ ಮನೆ ಮುಂದಿನ ಅಂಗಳದಲ್ಲಿದ್ದಳು. ಗಳುವಿನ ಮೇಲೆ ಕೆಂಪು, ಹಸಿರು ಲಡಿಗಳು. ಆ ಸಾಲಿನ ತುದಿಯಲ್ಲಿ, ಬಿಸಿಲು ಮೊದಲು ಬೀಳುವ ಕಡೆ, ಹೊಸದೊಂದು ಹಗ್ಗ. ಅದರ ಮೇಲೆ ನಾನು ಅಂದು ಮೇಜಿನ ಮೇಲೆ ಕಂಡ ಆರು ಪ್ಯಾಡುಗಳು. ಅವನ್ನು ಅವಳು ನನ್ನ ಮೇಜಿನಿಂದ ವಾಪಸು ಒಯ್ದಿದ್ದಳೆಂಬುದೂ ನನಗೆ ಮರೆತುಹೋಗಿತ್ತು. ಸೋಡಾದಲ್ಲಿ ಕುದ್ದು ಮೆತ್ತಗಾಗಿದ್ದವು. ಮೇಲೆ ಸೀರೆ ಮುಚ್ಚಿರಲಿಲ್ಲ, ಟವೆಲು ಮುಚ್ಚಿರಲಿಲ್ಲ.

ಎದುರು ಮನೆಯ ಈರಪ್ಪ, ಕಾಶವ್ವನ ಮೈದುನ, ಹಲ್ಲುಜ್ಜುತ್ತ ಹೊರಗೆ ಬಂದ. ಹಗ್ಗ ನೋಡಿದ. “ವೈನಿ, ಏನದು?” ಎಂದ.

ಕಂಡಿಕೆ ಸುತ್ತುವ ಸದ್ದು ಒಳಗೆ ಗಕ್ಕನೆ ನಿಂತಿತು. ಮಂಜವ್ವ ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಾಯಿತು.

ಕಾಶವ್ವ ಸೊಂಟಕ್ಕೆ ಕೈಕೊಟ್ಟು ಅವನ ಕಡೆ ತಿರುಗಿದಳು.

“ಅರಿವಿ. ನೇಕಾರರ ಹೊಟ್ಟ್ಯಾಗ ಹುಟ್ಟಿ ಅರಿವಿ ಕಂಡಿಲ್ಲೇನ ನೀ?”

ಅವನು ತಂಬಿಗೆ ಎತ್ತಿಕೊಂಡು ಒಳಗೆ ಹೋದ. ಒಂದು ಕ್ಷಣ ಬಿಟ್ಟು ಒಳಗೆ ಕಂಡಿಕೆಯ ಸದ್ದು ಮತ್ತೆ ಶುರುವಾಯಿತು. ಕಾಶವ್ವ ಒಂದೊಂದೇ ಪ್ಯಾಡನ್ನು ಮುಟ್ಟಿ ನೋಡಿ, ಒಂದು ಬದಿ ಒಣಗಿದ್ದನ್ನು ಇನ್ನೊಂದು ಬದಿಗೆ ತಿರುವಿ ಹಾಕಿದಳು. ನಾನು ಹತ್ತಿರ ಹೋಗಿ ನಿಂತೆ. ನನ್ನ ಕಣ್ಣಲ್ಲಿ ನೀರಿತ್ತು, ಅವಳು ನೋಡಿದರೂ ನೋಡದವಳಂತೆ ಇದ್ದಳು. ಕೊನೆಯದನ್ನು ತಿರುವುತ್ತ ಹೇಳಿದಳು:

“ನನಗಂತೂ ಸಿಗಲಿಲ್ಲ ಅಕ್ಕಾರ. ನನ್ನ ಪಾಲಿನ ಬಿಸಲೂ ಆಕಿಗೇ ಇರಲಿ.”